ಹದಿನೈದು ದಿನದ ಪ್ರಯಾಣ

ಮುಧೋಳದವರು ಏನೇ ಹೇಳಲಿ, ನಮ್ಮ ಊರಾದ ಬೆಳಗಲಿಯು ತನ್ನವನೆಂದು ಹೆಸರಿನ ಮುಂದೆಯೇ ಕಟ್ಟಿಕೊಂಡಿರುವ ರನ್ನನು, ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಯ ಹಸಿವಿನಿಂದ ಶ್ರವಣಬೆಳಗೊಳದವರೆಗೆ ಹೋಗಿ, ಅಜಿತಸೇನಾಚಾರ್ಯರ ಪಾದಮೂಲದಲ್ಲಿ ಕುಳಿತು ಕಲಿತು, ಚಾವುಂಡರಾಯನ ಆಶ್ರಯವನ್ನು ಪಡೆದು, ಕಡೆಗೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನೆಂಬುದನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ಆ ಮಹಾಕವಿಯು ಹೊರಡುವುದಕ್ಕೆ ಮುನ್ನ ಎಷ್ಟು ದಿನ ಗಂಟು ಕಟ್ಟಿದನೆಂಬ ಪ್ರಶ್ನೆಯು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಹೊಳೆಯುತ್ತಿದೆ. ಏಕೆಂದರೆ ಎರಡು ವರ್ಷಗಳಿಂದ ನಾನು ಲಂಡನ್ನಿಗೆ ಹೊರಡುತ್ತಲೇ ಇದ್ದೇನೆ.

ಮೂಲ ಸಂಕಲ್ಪವು ಅತ್ಯಲ್ಪವಾದುದು. ಮಗಳ ಮನೆಯಲ್ಲಿ ಹದಿನೈದು ದಿನವಿದ್ದು, ಮೊಮ್ಮಗನ ಕೈ ಹಿಡಿದು ನಾಲ್ಕು ಕನ್ನಡ ಅಕ್ಷರಗಳನ್ನು ತಿದ್ದಿಸಿ, 2015ರ ನವೆಂಬರಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಕೈಮುಗಿದು, ತಿರುಗಿ ಬಂದು ಕಬ್ಬಿಗೆ ನೀರು ಹಾಯಿಸತಕ್ಕದ್ದು, ಅಷ್ಟೇ. ಆದರೆ ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟಿಗಾಗಿ ಬೆರಳೊತ್ತಿ ಬಂದ ಸಂಜೆಯೇ ಈ ಪ್ರಯಾಣವು ನನ್ನ ಕೈತಪ್ಪಿ ಊರಿನ ಸೊತ್ತಾಯಿತು.

ಮುಧೋಳದ ಸಂಸ್ಥಾನಿಕರಾದ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ನಮ್ಮ ಬೇಟೆನಾಯಿಗಳ ಜೋಡಿಯೊಂದನ್ನು ಕಾಣಿಕೆಯಾಗಿ ಕೊಟ್ಟರೆಂಬುದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತಿರುವ ಕಥೆ. ನಾಯಿ ಸಾಕುವ ನೆರೆಯವನೊಬ್ಬನು ಅದನ್ನು ನೆನೆದು, “ಮಾಸ್ತರ್ರ, ಹೆಂಗೂ ಹೊಂಟೀರಿ, ಆ ನಾಯಿಗೋಳ ವಂಶ ಅಲ್ಲಿ ಇನ್ನ ಐತೇನ ಒಂದೀಟ ವಿಚಾರಿಸ್ಕೊಂಡ ಬರ್ರಿ” ಎಂದನು. ಅರಮನೆಯ ಹೆಬ್ಬಾಗಿಲಲ್ಲಿ ನಿಂತು ನಾಯಿಗಳ ಮರಿಮೊಮ್ಮಕ್ಕಳ ಕುಶಲವನ್ನು ಕೇಳುವ ಬೆಳಗಲಿಯ ನಿವೃತ್ತ ಮಾಸ್ತರನನ್ನು ಅಲ್ಲಿಯ ಕಾವಲಿನವರು ಹೇಗೆ ಸತ್ಕರಿಸಿಯಾರೆಂಬುದು ನನಗೆ ತಿಳಿಯದ ವಿಷಯವಲ್ಲ. ಆದರೂ ನೆರೆಯವನ ಮನಸ್ಸು ನೋಯಬಾರದೆಂದು ಅದಕ್ಕೊಂದು ದಿನವನ್ನು ಬರೆದುಕೊಂಡೆನು.

ಅಪರಾಧವನ್ನೆಲ್ಲ ಪರರ ಮೇಲೆ ಹೊರಿಸುವುದು ಅನ್ಯಾಯ. ಪ್ರಯಾಣವು ಸಮುದ್ರವನ್ನು ಎರಡನೆಯ ಸಲ ದಾಟಿದ್ದಕ್ಕೆ ಕಾರಣನು ನಾನೇ. 1894ರಲ್ಲಿ ಮಂಗಳೂರಿನಿಂದ ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟನ್ನು ಹೊರತಂದ ಕಿಟ್ಟೆಲ್ಲರ ಅನ್ನವನ್ನುಂಡು ಸಂಬಳ ಪಡೆದವನು, ಅಷ್ಟು ದೂರ ಹೋಗಿಯೂ, ಅವರು 1903ರಲ್ಲಿ ಕಣ್ಣು ಮುಚ್ಚಿದ ಜರ್ಮನಿಯ ಟ್ಯೂಬಿಂಗೆನ್ ಪಟ್ಟಣವನ್ನು ಕಾಣದೆ ಬಂದರೆ ಕೃತಘ್ನತೆಯಾಗದೆ? ಅಲ್ಲಿಯವರೆಗೆ ಹೋದಮೇಲೆ ಅವರನ್ನು ನಮ್ಮ ನಾಡಿಗೆ ಕಳಿಸಿದ ಮಿಷನ್ನಿನ ಬಾಸೆಲ್ ಪಟ್ಟಣವು ಸಮೀಪವೇ ಎಂದು ಬಾಯಿತಪ್ಪಿ ಆಡಿದೆನು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. “ಅಲ್ರೀ, ಅಲ್ಲೀತನಕಾ ಹೋಗಿ ಬರ್ಫ ನೋಡಲಾರದ ಬರಾದೇನು?” ಎಂದಳು ನನ್ನ ಹೆಂಡತಿ. ಬಾಗಲಕೋಟೆ–ಕುಡಚಿ ರೈಲಿಗಾಗಿ ವರ್ಷಗಟ್ಟಲೆ ಕಾದ ನನ್ನ ಭಾವಮೈದುನನು, ಲಂಡನ್ನಿನಿಂದ ಪ್ಯಾರಿಸ್ಸಿಗೆ ಸಮುದ್ರದ ತಳದಲ್ಲಿಯೇ ರೈಲು ಓಡುತ್ತದೆಂದು ಕೇಳಿ, ಅದನ್ನು ಹತ್ತದೆ ಬಂದರೆ ಮನೆಯೊಳಗೆ ಸೇರಿಸೆನೆಂದನು.

ಇಲ್ಲಿಗೆ ಗದಾಯುದ್ಧವು ಆರಂಭವಾಯಿತು. ಬ್ರಿಟನ್ನಿನ ವೀಸಾ ಆರು ತಿಂಗಳಿನದಾದರೂ ಫ್ರಾನ್ಸಿನಲ್ಲಿ ಅದು ನಡೆಯದು. ಅಲ್ಲಿಗೆ ಷೆಂಗೆನ್ನೆಂಬ ಬೇರೊಂದು ವೀಸಾ ಬೇಕು. 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯೂ ಬೇಕು. ಮೇಲಾಗಿ ಯಾವ ದೇಶದಲ್ಲಿ ಹೆಚ್ಚು ದಿನ ಉಳಿಯುವಿರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಈ ಕೊನೆಯ ನಿಯಮವನ್ನು ಮಾಡಿದ ಪುಣ್ಯಾತ್ಮರು ಸಂಸಾರಸ್ಥರಾಗಿರಲಾರರು. ನಾನು ಜರ್ಮನಿಯ ಅರ್ಜಿಯೇ ಆಗಲೆಂದು ಟ್ಯೂಬಿಂಗೆನ್ನಿಗೆ ಒಂದು ದಿನವನ್ನು ಕೂಡಿಸಿದರೆ, ಆಕೆಯು ಹಿಮಪರ್ವತಕ್ಕೆ ಎರಡನ್ನು ಕೂಡಿಸುವಳು. ನಾನು ಮೂರೆಂದರೆ ಆಕೆ ನಾಲ್ಕೆನ್ನುವಳು. ಹದಿನೈದು ದಿನವು ಐವತ್ತೆರಡಾದದ್ದು ಹೀಗೆ. 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಆ ದೇಶಗಳಲ್ಲಿ ಇರಕೂಡದೆಂಬ ಕಟ್ಟಳೆಯೊಂದು ಇಲ್ಲದಿದ್ದರೆ ನಾವು ಅಲ್ಲಿಯೇ ಕಬ್ಬು ನೆಡಬೇಕಾಗುತ್ತಿತ್ತು.

ಗಂಟಿನ ಕಥೆಯೂ ಬೇರೆಯಲ್ಲ. ತಲೆಗೆ 23 ಕಿಲೋ ಎಂದು ವಿಮಾನದವರು ಹೇಳಿದ್ದನ್ನು ಇವಳು ಮಿತಿಯೆಂದು ತಿಳಿಯದೆ ಗುರಿಯೆಂದು ತಿಳಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮಹಾಲಿಂಗಪುರದ ಬೆಲ್ಲದ ಪೆಂಟಿ, ಅಮೀನಗಡದ ಕರದಂಟು, ಧಾರವಾಡದ ಪೇಢೆ, ಮನೆಯ ಎಮ್ಮೆಯ ತುಪ್ಪ, ಮಗಳಿಗೊಂದು ಇಳಕಲ್ ಸೀರೆ. ಅಷ್ಟನ್ನೂ ಬೆಲ್ಲ ತೂಗುವ ತಕ್ಕಡಿಯಲ್ಲಿಟ್ಟು ತೂಗಿ ಮುಗಿಸುವಷ್ಟರಲ್ಲಿ ಮಗಳ ಫೋನು ಬಂದಿತು. ಹೊರನಾಡಿನ ಹಾಲಿನ ಪದಾರ್ಥಗಳನ್ನು ಆ ದೇಶದೊಳಕ್ಕೆ ಒಯ್ಯಗೊಡುವುದಿಲ್ಲವಂತೆ. ಪೇಢೆಯು ಓಣಿಯ ಹುಡುಗರ ಪಾಲಾಯಿತು. ತುಪ್ಪವು ಕಪಾಟಿಗೆ ಮರಳಿತು. ಕರದಂಟನ್ನು ತುಪ್ಪದ ಸಂಶಯದಿಂದ ನಾನೇ ತಿಂದು ತೀರಿಸಿದೆನು. ತೆರವಾದ ಜಾಗದಲ್ಲಿ ಮರುದಿನವೇ ಇನ್ನೆರಡು ಬಗೆಯ ಹಿಂಡಿಗಳು ಬಂದು ನೆಲಸಿದವು.

ಹೊರಡುವ ತಿಥಿಯನ್ನು ಮೂರು ಸಲ ಗೊತ್ತುಮಾಡಿದ್ದಾಯಿತು. ಮೊದಲನೆಯದನ್ನು ಕಬ್ಬಿನ ಕಟಾವು ನುಂಗಿತು, ಎರಡನೆಯದನ್ನು ಸೋದರಳಿಯನ ಲಗ್ನ. ಮೂರನೆಯದು ಬರುವ ವೈಶಾಖದಲ್ಲಿದೆ. ಓದುಗ ಮಹಾಶಯರು ಅಷ್ಟರೊಳಗೆ ಬೆಳಗಲಿಯ ಕಡೆಗೆ ಬಂದರೆ ಅವಶ್ಯವಾಗಿ ನಮ್ಮ ಮನೆಗೆ ಬರಬೇಕು; ಬೆಲ್ಲದ ಚಹಾ ಕುಡಿದು ಹೋಗಬೇಕು. ಯೂರೋಪಿನಲ್ಲಿ ನೋಡತಕ್ಕ ಊರು ಇನ್ನೊಂದಿದೆಯೆಂದು ಮಾತ್ರ ಇವಳ ಎದುರಿಗೆ ಆಡಬಾರದೆಂದು ಪ್ರಾರ್ಥನೆ.