ಜೇಬುಸ್ಥ ಮಡಿಕೆ-ಛುರಿಕೆ: ಲಕ್ಕವಳ್ಳಿಯನ್ನು ಅನುಲಕ್ಷಿಸಿ ಒಂದು ಅಂತರ್‌ಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ಮನುಷ್ಯ-ಲೋಹ ಸಂಬಂಧದ ಬಹುಮುಖಿ ನೆಲೆಗಳನ್ನು ಸಮಕಾಲೀನ ಸಂಕಥನಗಳ ಬೆಳಕಿನಲ್ಲಿ ಮರುನಿರೂಪಿಸುವ ತುರ್ತು ಹಿಂದೆಂದಿಗಿಂತ ಇಂದು ಹೆಚ್ಚಾಗಿದೆ. ಯಾಕೆ ಹೆಚ್ಚಾಗಿದೆ ಎಂದು ಯಾವ ಪ್ರಸ್ತಾವನೆಯೂ ಹೇಳುವ ಪದ್ಧತಿಯಿಲ್ಲ, ನಾನೂ ಹೇಳುವುದಿಲ್ಲ. ತರೀಕೆರೆ ತಾಲ್ಲೂಕಿನ, ಭದ್ರಾ ಅಣೆಕಟ್ಟೆಯ ಮಗ್ಗುಲಿನ ಲಕ್ಕವಳ್ಳಿಯಲ್ಲಿ ಎಲೆ-ಅಡಿಕೆ ಸಂಚಿಯಲ್ಲೋ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲೋ ಬಿದ್ದುಕೊಂಡಿರುವ, ಪಾಮರರು ‘ಮಡಚೋ ಚಾಕು’ ಎಂದು ಕರೆದು ಕೈತೊಳೆದುಕೊಳ್ಳುವ ವಸ್ತುವನ್ನು ಈ ಪ್ರಬಂಧ ‘ಜೇಬುಸ್ಥ ಮಡಿಕೆ-ಛುರಿಕೆ’ ಎಂದು ಗುರುತಿಸುತ್ತದೆ. ಇನ್ನು ಮುಂದೆ ‘ಜೇಮಛು’. ಇಲ್ಲಿ ಮಡಿಕೆ ಎಂದರೆ ನೀರು ತುಂಬುವ ಮಡಕೆಯಲ್ಲ. ಈ ಗೊಂದಲವೇ ಮುಂದೆ ಯಾರಾದರೊಬ್ಬರ ಪಿಎಚ್‌.ಡಿ.ಗೆ ವಸ್ತುವಾಗಬಹುದು.

ಪ್ರಾಕ್ಕಲ್ಪನೆ: ಜೇಮಛುವಿನಿಂದ ಕೊಯ್ಯಬಹುದು.

ಅಧ್ಯಯನದ ವ್ಯಾಪ್ತಿ: ಲಕ್ಕವಳ್ಳಿ ಬಸ್‌ಸ್ಟ್ಯಾಂಡಿನಿಂದ ನಮ್ಮ ತೋಟದ ತಡಮೆಯವರೆಗೆ. ಮಿತಿ: ಮಳೆ ಹಿಡಿದರೆ ಕ್ಷೇತ್ರಕಾರ್ಯ ಇಲ್ಲ.

ಪೂರ್ವಸೂರಿಗಳು

ಪರದೇಶದ ಹೆಸರುಗಳಿಲ್ಲದ ಪ್ರಬಂಧವನ್ನು ಮಾರ್ಗದರ್ಶಕರು ತಿರುವಿಯೂ ನೋಡುವುದಿಲ್ಲವಾದ್ದರಿಂದ ಇಲ್ಲಿ ಕೆಲವನ್ನು ನಮೂದಿಸಲಾಗಿದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಕ್ರಿಸ್ತಪೂರ್ವ ಕಾಲದ ಮಡಚುವ ಚಾಕು ಸಿಕ್ಕಿದೆ. ಫ್ರಾನ್ಸಿನ ಸವೋಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ರೈತರ ಚಾಕು ಮಾಡಿದ. ಅಲಗು ಸರಕ್ಕನೆ ಮಡಚಿ ಬೆರಳು ಕೊಯ್ಯದಂತೆ ಅದಕ್ಕೊಂದು ಬಳೆ ಬಂದದ್ದು 1955ರಲ್ಲಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಿಂದ ತನ್ನ ದೇಶದ ಸೈನಿಕರಿಗೆ ಚಾಕು ಒದಗಿಸಿದ. 1897ರಲ್ಲಿ ಅಧಿಕಾರಿಗಳಿಗೆಂದು ಮಾಡಿದ ಚಾಕುವಿಗೆ ಸೀಸೆಯ ಬಿರಡೆ ತೆಗೆಯುವ ತಿರುಪನ್ನೂ ಸೇರಿಸಿದ. ಅಡಕತ್ತರಿ ಸೇರಿಸಲಿಲ್ಲ. ಇದನ್ನು ನಾವು ‘ಯುರೋಕೇಂದ್ರಿತ ಅಡಿಕಾ-ವಿಸ್ಮೃತಿ’ ಎಂದು ಕರೆಯುತ್ತೇವೆ.

ವರ್ಗೀಕರಣ

ಜೇಮಛುವಿನಲ್ಲಿ ಹದಿನೆಂಟು ಪ್ರಭೇದಗಳಿದ್ದು, ಶಿವಮೊಗ್ಗ ಮಂಡಿಯ ಅಡಿಕೆ ದರ್ಜೆಗಳನ್ನೇ ಸೈದ್ಧಾಂತಿಕ ಚೌಕಟ್ಟಾಗಿ ಬಳಸಿಕೊಳ್ಳಲಾಗಿದೆ. ಮೊದಲನೆಯದು ಸರಕು: ಅಮೆರಿಕದ ಮಗ ತಂದುಕೊಟ್ಟದ್ದು, ಗಾಡ್ರೇಜ್ ಬೀರುವಿನಲ್ಲಿರುತ್ತದೆ, ನೆಂಟರು ಬಂದಾಗ ಮಾತ್ರ ತೆರೆದುಕೊಳ್ಳುತ್ತದೆ. ಎರಡನೆಯದು ಬೆಟ್ಟೆ: ಆನ್‌ಲೈನಿನಲ್ಲಿ ತರಿಸಿದ್ದು, ಸೊಂಟಕ್ಕೆ ಸಿಕ್ಕಿಸಲು ಕ್ಲಿಪ್ಪಿದೆ, ತಾನು ಬಂದ ಡಬ್ಬಿಯನ್ನು ಕೊಯ್ದದ್ದೇ ಅದರ ಜೀವಮಾನದ ಕೆಲಸ. ಮೂರನೆಯದು ರಾಶಿ: ಜಾತ್ರೆಯಲ್ಲಿ ಕೊಂಡದ್ದು, ಮುಂದಿನ ಜಾತ್ರೆಯವರೆಗೆ ಬಾಳುವುದಿಲ್ಲ. ನಾಲ್ಕನೆಯದು ಗೊರಬಲು: ತುದಿ ಮುರಿದಿದೆ, ಹಿಡಿಗೆ ತಾಮ್ರದ ತಂತಿ ಸುತ್ತಿದೆ, ದಿನಾ ದುಡಿಯುತ್ತದೆ. ಐದನೆಯದು ಮಸೆದೂ ಮಸೆದೂ ಅಲಗು ಬೇವಿನ ಎಲೆಯಷ್ಟಾಗಿ…

ಐದನೆಯದು ಸದ್ಯಕ್ಕೆ ಬೇಡ. ಉಳಿದ ಹದಿಮೂರೂ ಬೇಡ. ನನಗೆ ಬೇಸರವಾಗಿದೆ, ನಿಮಗೆ ಮೊದಲೇ ಆಗಿರಬೇಕು.

ಆಯ್ಕೆ ಮತ್ತು ವಿನಿಯೋಗದ ಮೀಮಾಂಸೆ

ಕಾನೂನಾತ್ಮಕ ಆಯಾಮ: 2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗನ್ನು ಆಯುಧವೆಂದು ಎಣಿಸುತ್ತವೆ, ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದ್ದಕ್ಕೆ ವಿನಾಯಿತಿ ಇದೆ. ಜೇಬಿಗೆ ಮೂರು ಇಂಚು ಧಾರಾಳ. ಒತ್ತುಬೀಗವಿಲ್ಲದ ಚಾಕುವಿನ ಮೊನೆಯಿಂದ ಏನನ್ನೂ ತಿವಿಯಬಾರದು. ಅಲಗು ಹಿಂದಕ್ಕೆ ಮಡಚಿಕೊಂಡರೆ ‘ಸ್ವಾಂಗುಲಿ-ಛೇದ ಸಂಭವ’. ಡಬ್ಬಿಯ ಮುಚ್ಚಳ ಎಬ್ಬಿಸಬಾರದು. ಕೀಲಿಗೆ ತಿಂಗಳಿಗೊಂದು ತೊಟ್ಟು ಕೊಬ್ಬರಿಎಣ್ಣೆ. ಮೊಂಡಾದರೆ ಮಸೆಗಲ್ಲೇ ಆಗಬೇಕೆಂದಿಲ್ಲ. ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದೆ ಉಳಿದ ಉಂಗುರದ ಮೇಲೆ ನಾಲ್ಕು ಸಲ ಎಳೆದರೆ ಸಾಕು. ಬಾಯಿ ಬಂತೋ ಇಲ್ಲವೋ ನೋಡಲು ವೀಳ್ಯದೆಲೆಯ ತೊಟ್ಟು. ಎಲೆ ಅಲ್ಲಾಡದೆ ತೊಟ್ಟು ಉದುರಬೇಕು.

ಈ ಪ್ಯಾರಾದಲ್ಲಿ ಪರಿಭಾಷೆ ಕಮ್ಮಿಯಾಗಿದೆ. ಇದನ್ನು ಹೇಳಿದವರು ದೊಡ್ಡಪ್ಪ, ಕ್ಷಮಿಸಿ, ವಕ್ತೃ-1, ಹಾಗಾಗಿ ಹೀಗಾಯಿತು.

ಲೋಹವಿಜ್ಞಾನೀಯ ನೆಲೆಗಳು

ಸ್ಟೇನ್‌ಲೆಸ್ ಸ್ಟೀಲಿನ ಅಲಗು ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ಆದರೆ ಅಗ್ಗದ್ದಾದರೆ ಬಾಯಿ ಬೇಗ ಹೋಗುತ್ತದೆ. ಕುಲುಮೆಯ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆದರೆ ಹದ ಸರಿಯಾಗಿ ಕೊಟ್ಟಿದ್ದರೆ ಬಾಯಿ ನಿಲ್ಲುತ್ತದೆ, ಮಸೆದರೆ ಬೇಗ ಬರುತ್ತದೆ. ಹಸಿ ಅಡಿಕೆ ಕೊಯ್ದರೆ ಈ ಕಬ್ಬಿಣದ ಅಲಗು ಕಪ್ಪಾಗುತ್ತದೆ. ಅಡಿಕೆಯ ಒಗರು ಕಬ್ಬಿಣದ ಜೊತೆ ಕೂಡಿದಾಗ ಹುಟ್ಟುವ ಕಪ್ಪು ಅದು. ಹಿಂದೆ ಅಣಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಕಾಯಿಸುತ್ತಿದ್ದುದೂ ಇದೇ ಗುಟ್ಟಿನಿಂದ. ಅಂದರೆ ವಕ್ತೃ-1ರ ಚಾಕುವಿನ ಮೈಗೆ ನಲವತ್ತು ವರ್ಷ ಮೆತ್ತಿದ್ದದ್ದು ಶಾಯಿ.

ಆ ಚಾಕು ಭದ್ರಾವತಿ ಕಬ್ಬಿಣದ್ದೆಂದು ಅವರ ಹೆಮ್ಮೆ. ಲಾರಿಯ ಸ್ಪ್ರಿಂಗ್ ಪಟ್ಟಿ ಇರಬೇಕೆಂದು ನನ್ನ ಗುಮಾನಿ. ಕೇಳುವ ಧೈರ್ಯ ಮಾಡಲಿಲ್ಲ. ಭದ್ರಾವತಿಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿಯ ಹೆಸರಲ್ಲೇ ಕೆಂಪು ಮಣ್ಣಿದೆ, ಗುಂಡಿಯೂ ಇದೆ. ಆ ಬೆಟ್ಟವನ್ನು ಅಗೆದು, ಅದಿರನ್ನು ನಮ್ಮ ಹೊಳೆಯ ಕೆಳಗಿನ ದಂಡೆಗೆ ಸಾಗಿಸಿ, 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಸಿದರು. ಸರಿಯಾಗಿ ನೂರು ವರ್ಷಕ್ಕೆ, 2023ರಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಬೆಟ್ಟದಲ್ಲಿ ಗುಂಡಿ ಉಳಿಯಿತು. ಇದನ್ನು ‘ಕೈಗಾರಿಕೋತ್ತರ ಸ್ಥಿತ್ಯಂತರ’ ಎಂದು ಬರೆದುಬಿಡಬಹುದು, ಎಷ್ಟು ಸಲೀಸು! ಕೂಲಿ ಕಳೆದುಕೊಂಡವನ ಮನೆಮುಂದೆ ನಿಂತು ಆ ಪದವನ್ನು ಒಮ್ಮೆ ಗಟ್ಟಿಯಾಗಿ ಓದಿ ಬರಲಿ, ಅದನ್ನು ಟಂಕಿಸಿದ ಪುಣ್ಯಾತ್ಮರು.

ಕ್ಷೇತ್ರಕಾರ್ಯ

ಈ ಪ್ರಬಂಧ ಹುಟ್ಟಿದ್ದೇ ಒಂದು ವಿಚಾರ ಸಂಕಿರಣದಲ್ಲಿ. ವಿಷಯ, ಮಲೆನಾಡಿನ ದೇಸಿ ಉಪಕರಣಗಳು ಮತ್ತು ಅನನ್ಯತೆಯ ಹುಡುಕಾಟ. ದೊಡ್ಡಪ್ಪನನ್ನು ‘ಅನುಭವಿ ಕೃಷಿಕರು’ ಎಂದು ಕರೆಸಿದ್ದರು. ಗೇಟಿನಲ್ಲಿ ಕಾವಲುಗಾರ ಜೇಬು ತಡಕಿ ಚಾಕು ತೆಗೆದಿಟ್ಟುಕೊಂಡ. “ಒಳಗೆ ಅದರ ಬಗ್ಗೇನೇ ಮಾತಾಡಕ್ಕೆ ಕರ್ದಿರದು ಮಾರಾಯ” ಎಂದರು ದೊಡ್ಡಪ್ಪ. “ಹೋಗೋವಾಗ ಇಸ್ಕಳಿ ಯಜಮಾನ್ರೇ.”

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಾಲ್ಕು ಪ್ರಬಂಧ. ‘ಕತ್ತರಿಸುವಿಕೆಯ ರಾಜಕಾರಣ’ ಎಂಬ ಮಾತು ಎಷ್ಟು ಸಲ ಬಂತೆಂದು ಎಣಿಸಲು ಹೋಗಿ ಬೆರಳು ಮುಗಿದವು. ಕೊನೆಗೆ ಒಬ್ಬರು ಮೈಕನ್ನು ದೊಡ್ಡಪ್ಪನ ಮೂಗಿಗೆ ಹಿಡಿದು ಕೇಳಿದರು: “ಹೇಳಿ ಯಜಮಾನ್ರೇ, ನಿಮ್ಮ ಬದುಕಿನಲ್ಲಿ ಚಾಕುವಿನ ಸಾಂಸ್ಕೃತಿಕ ಮಹತ್ವವೇನು?”

“ಅಡಕೆ ಸುಲೀತೀನಿ ಸ್ವಾಮಿ. ಗೊಬ್ರದ ಚೀಲದ ದಾರ ಕೊಯ್ತೀನಿ. ಕಾಲಿಗೆ ಮುಳ್ಳು ಹೊಕ್ರೆ ತೆಗೀತೀನಿ.”

ಸಭೆ ನಕ್ಕಿತು. ಪ್ರೀತಿಯ ನಗೆ, ಮಗು ಏನಾದರೂ ಅಂದಾಗ ನಗುವಂಥದ್ದು. “ಎಷ್ಟು ಮುಗ್ಧ ನೆಲೆ!” ಎಂದರು ಅಧ್ಯಕ್ಷರು. ಎಪ್ಪತ್ತೆಂಟು ವರ್ಷದ ಮನುಷ್ಯ, ಸ್ವಾಮಿ. ನಾಲ್ಕು ಎಕರೆ ತೋಟ ಎಬ್ಬಿಸಿದವನು. ಮುಗ್ಧನಂತೆ.

ಆಮೇಲೆ ಅಧ್ಯಕ್ಷರಿಗೆ ಸನ್ಮಾನ. ಹಣ್ಣಿನ ಬುಟ್ಟಿ. ಅಲ್ಲಿಯೇ ಎಲ್ಲರಿಗೂ ಹಂಚಿಬಿಡಿ ಎಂದರು ಅವರು, ದೊಡ್ಡ ಮನಸ್ಸು. ಬುಟ್ಟಿಗೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿತ್ತು. ಒಬ್ಬರು ಉಗುರಲ್ಲಿ ಕೆರೆದರು, ಒಬ್ಬರು ಬೀಗದ ಕೈಯಲ್ಲಿ ತಿವಿದರು, ಮತ್ತೊಬ್ಬರು, ಕತ್ತರಿಸುವಿಕೆಯ ರಾಜಕಾರಣದವರೇ, ಬಾಯಿ ಹಾಕಿದರು. ದೊಡ್ಡಪ್ಪನ ಬಲಗೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಬರಿಗೈ ಹೊರಗೆ ಬಂತು.

ಸಂಜೆ ಗೇಟಿನಲ್ಲಿ ಪಾಳಿ ಬದಲಾಗಿತ್ತು. ಹೊಸಬನಿಗೆ ಗೊತ್ತಿರಲಿಲ್ಲ, ಡ್ರಾಯರಿಗೆ ಬೀಗ, ಕೈ ಹಳಬನ ಹತ್ತಿರ. ಆಮೇಲೆ ನಾನು ಎರಡು ಸಲ ಹೋಗಿ ಬಂದೆ. ಅಂಥದ್ದೇನೂ ಇಲ್ಲ ಎಂದರು.

ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ಬದಲಿಸಿ ಕೂತಮೇಲೆ ದೊಡ್ಡಪ್ಪ ಜೇಬಿನಿಂದ ಒಂದು ಹಸಿ ಅಡಿಕೆಕಾಯಿ ತೆಗೆದರು. ಸಿಪ್ಪೆಯ ಮೇಲೆ ಹೆಬ್ಬೆರಳು ಆಡಿಸಿದರು. ಲಕ್ಕವಳ್ಳಿ ಬರುವವರೆಗೂ ಅದು ಅವರ ಅಂಗೈಯಲ್ಲೇ ಇತ್ತು.