ಕೋವಿ ಇಲ್ಲದ ಶಿಕಾರಿ

ಸಕಲೇಶಪುರ, ಆಲೂರು ಸೀಮೆಯ ಯಾವ ಊರಿಗೆ ಹೋದರೂ ಒಬ್ಬರು ಶಿಕಾರಿ ದೊಡ್ಡಪ್ಪ ಸಿಗುತ್ತಾರೆ. ಹಾನಬಾಳಿನಲ್ಲಿ ಸಿಗದಿದ್ದರೆ ಹೆತ್ತೂರಿನಲ್ಲಿ, ಅಲ್ಲೂ ಇಲ್ಲದಿದ್ದರೆ ಯಸಳೂರಿನ ಯಾವುದಾದರೂ ಕ್ಯಾಂಟೀನಿನ ಬೆಂಚಿನ ಮೇಲೆ. ಎಪ್ಪತ್ತು ದಾಟಿದ ವಯಸ್ಸು, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಸೊಂಟದ ಕೊಕ್ಕೆಯಲ್ಲೊಂದು ಕತ್ತಿ.

ಅವರು ಹೊಡೆದ ಹಂದಿಗಳಿಗೆ ಲೆಕ್ಕವಿಲ್ಲ. ಕೇಳುವವರು ಮಾತ್ರ ಲೆಕ್ಕ ಹಾಕಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಧಾರ್ ಕಾರ್ಡಿನ ಪ್ರಕಾರ ದೊಡ್ಡಪ್ಪನಿಗೆ ಆಗ ಹದಿನೇಳು. ಅಷ್ಟೂ ಹಂದಿ ಕಾಯ್ದೆಗೆ ಮುಂಚಿನವೇ ಎಂದು ಕೂಡಿ ಕಳೆದರೆ, ಮೊದಲ ಹಂದಿಯನ್ನು ಅವರು ಒಂದನೇ ಕ್ಲಾಸಿಗೆ ಸೇರುವ ಮುಂಚೆಯೇ ಕೆಡವಿರಬೇಕು. ಯಾರಾದರೂ ಇದನ್ನು ಎತ್ತಿದರೆ ಉತ್ತರ ಸಿದ್ಧ: "ಆಧಾರಲ್ಲಿ ತಾರೀಖು ತಪ್ಪಾಗಿದೆ ಮಾರಾಯ."

ಈ ಸೀಮೆಗೆ ಶಿಕಾರಿಯ ಖಯಾಲಿ ಹಳೆಯದು. ಮಂಜರಾಬಾದಿನಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಮೈಸೂರಿನ ಚಿನ್ನ, ಶಿಕಾರಿ, ಕಾಫಿ ಮೂರೂ ಇವೆ. ದೊಡ್ಡಪ್ಪನ ಪಾಲಿಗೆ ಚಿನ್ನ ಬರಲಿಲ್ಲ, ಶಿಕಾರಿ ಉಳಿಯಲಿಲ್ಲ. ಕಾಫಿ ಇದೆ, ಎರಡೆಕರೆ ರೊಬಸ್ಟಾ.

ಅವರ ಶಿಕಾರಿಯ ಸಾಮಾನು ಒಂದೊಂದಾಗಿ ಕಡಿಮೆಯಾಗುತ್ತ ಬಂದಿದೆ. ಅಪ್ಪನ ಕಾಲದಲ್ಲಿ ಕೇಪಿನ ಕೋವಿ, ಮಸಿ, ಚರೆ, ನಾಲ್ಕು ನಾಯಿ, ಹಳು ನುಗ್ಗಿ ಪ್ರಾಣಿ ಎಬ್ಬಿಸಿ ಸೋಯಲು ಹತ್ತು ಆಳು, ಹೊಂಚು ಹಾಕಿ ಬಿಲ್ಲಿಗೆ ಕೂರಲು ಮೂವರು, ಪಾಲು ಕೇಳಲು ಇಡೀ ಊರು. ಕಾಯ್ದೆ ಬಂದು ಸೋವು ನಿಂತಿತು. ಲೈಸೆನ್ಸ್ ಪಡೆದು ಬೇಟೆಯಾಡಲು ಕಾಯ್ದೆಯಲ್ಲಿ ಉಳಿದಿದ್ದ ಸಂದನ್ನೂ 1991ರ ತಿದ್ದುಪಡಿ ಮುಚ್ಚಿತು. ಆಮೇಲೆ ಉಳಿದದ್ದು ಬೆಳೆ ರಕ್ಷಣೆಗೆಂದು ಕೊಟ್ಟ ಒಂಟಿನಳಿಗೆಯ ಕೋವಿ. ಚುನಾವಣೆ ಘೋಷಣೆಯಾದೊಡನೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಕೋವಿ ತೋಟ ಕಂಡದ್ದಕ್ಕಿಂತ ಠಾಣೆ ಕಂಡದ್ದೇ ಹೆಚ್ಚಾಯಿತು. ಕೊನೆಗೆ ರಿನ್ಯೂವಲ್ಲಿಗೆ ಅಲೆದು ಬೇಸತ್ತು, "ಅಲ್ಲೇ ಇಟ್ಕಳ್ಳಿ" ಎಂದು ಬಂದುಬಿಟ್ಟರು.

ಆದರೂ ಬೆಳಗಾದರೆ "ಶಿಕಾರಿಗೆ ಹೋಗ್ಬತ್ತೀನಿ" ಎಂದೇ ಹೊರಡುತ್ತಾರೆ. "ಬರೋವಾಗ ಎರಡು ಸೌದೆ ತನ್ನಿ" ಎನ್ನುತ್ತಾರೆ ದೊಡ್ಡಮ್ಮ.

ಜೇಬಿನಲ್ಲಿ ಸುಣ್ಣದ ಡಬ್ಬಿ, ಹೊಗೆಸೊಪ್ಪು. ಇವೆರಡರಿಂದ ಬಾಯಿಗೂ ಆಯಿತು, ಕಾಲಿಗೆ ಹತ್ತುವ ಇಂಬಳಕ್ಕೂ ಆಯಿತು. ಮಳೆಗೆ ಕಂಬಳಿ ಕೊಪ್ಪೆ. ಬುತ್ತಿಗೆ ಬಾಳೆಲೆಯಲ್ಲಿ ಸುತ್ತಿದ ಅಕ್ಕಿ ರೊಟ್ಟಿ. ಹಂದಿ ರಾತ್ರಿ ಎಲ್ಲಿ ನೆಲ ಅಗೆದಿದೆ, ಕಡವೆ ಯಾವ ಮರಕ್ಕೆ ಕೊಂಬು ತೀಡಿದೆ ಎಂದು ನೋಡಿಕೊಂಡು, ಗುಂಡು ಹಾರಿಸಿದಷ್ಟೇ ತೃಪ್ತಿಯಿಂದ ತಿರುಗುತ್ತಾರೆ. ಮುಂಗಾರಿನ ಮೊದಲ ನೀರಿಗೆ ಹತ್ತುಮೀನು ಗದ್ದೆಗೆ ಏರಿದರೆ ಬಿದಿರಿನ ಕೂಳಿ ಹೊರಬರುತ್ತದೆ. ಗುಡುಗಿದ ಮರುದಿನ ತೋಟದ ಹುತ್ತದ ಮೇಲೆ ಅಣಬೆ. ಉರುಳು ಕಟ್ಟುವವನನ್ನು ಕಂಡರೆ ಮಾತ್ರ ಬೆಂಕಿ. ಬೇಲಿಯಲ್ಲಿ ತಂತಿ ಬಿಗಿದು ಮನೆಗೆ ಹೋಗಿ ಮಲಗುವವನೂ ಒಬ್ಬ ಶಿಕಾರಿಯವನೇ ಎಂಬುದು ಅವರ ಪ್ರಶ್ನೆ.

ವಾರದ ಕೊನೆಗೆ ಹೋಂಸ್ಟೇಗೆ ಬೆಂಗಳೂರಿನ ಹುಡುಗರು ಬರುತ್ತಾರೆ. ಬೆನ್ನ ಮೇಲೆ ಅರವತ್ತು ಲೀಟರಿನ ಬ್ಯಾಗು, ಇಂಬಳ ತಡೆಯುವ ಕಾಲುಚೀಲ, ಎರಡು ಕೈಗೆ ಎರಡು ಮಡಚುವ ಕೋಲು, ನೀರು ಶುದ್ಧ ಮಾಡುವ ಕೊಳವೆ, ಹೆಜ್ಜೆ ಎಣಿಸುವ ಗಡಿಯಾರ. ಅಂದರೆ ಮೂರು ಕಿಲೋಮೀಟರು ನಡೆಯಲು ಬೇಕಾದ್ದೆಲ್ಲ ಇದೆ. "ಲೀಟರು ಅಂದ್ರೆ ಒಳಗೆ ನೀರಿದೆಯಾ?" ಎಂದು ದೊಡ್ಡಪ್ಪ ನಿಜವಾದ ಕುತೂಹಲದಿಂದಲೇ ಕೇಳುತ್ತಾರೆ.

ಹಂದಿ, ಹುಲಿಯ ವಿಷಯದಲ್ಲಿ ಏನೇ ಉಪ್ಪುಖಾರ ಹಚ್ಚಲಿ, ಆನೆಯ ವಿಷಯದಲ್ಲಿ ಅವರು ಒಂದು ಸುಳ್ಳೂ ಹೇಳುವುದಿಲ್ಲ. 2014ರಲ್ಲಿ ಆಲೂರು ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರೂ ಕಾಟ ನಿಲ್ಲಲಿಲ್ಲ. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಕಾದಾಡಿ ಸತ್ತದ್ದು ಇದೇ ಯಸಳೂರು ವಲಯದಲ್ಲಿ. ಹಾಗಾಗಿ ಕೋವಿ ಬಿಟ್ಟ ದೊಡ್ಡಪ್ಪ ಮೊಬೈಲು ಬಿಟ್ಟಿಲ್ಲ. ಅರಣ್ಯ ಇಲಾಖೆಯ ಆನೆ ಸಂದೇಶ ಓದದೆ ಹೊಸ್ತಿಲು ದಾಟುವುದಿಲ್ಲ.

ಒಂದು ಬೆಳಿಗ್ಗೆ ಹುಡುಗರ ಮುಂದೆಯೇ ಮೊಬೈಲು ಟಿಣ್ ಎಂದಿತು. ಕಾಡಾನೆ ಭೀಮ ಪಕ್ಕದ ತೋಟದಲ್ಲಿದ್ದಾನೆ.

"ಅಂಕಲ್, ಬಂದ್ರೆ ಏನು ಮಾಡೋದು?"

"ನಾನಾದ್ರೆ ಕಂಬಳಿ ಬಿಸಾಕಿ ಓಡ್ತೀನಪ್ಪ. ನಿನ್ನ ಚೀಲ ಬಿಚ್ಚೋಕೆ ಎಷ್ಟು ಬಕ್ಕಲು?"

ಹುಡುಗ ಎದೆ ತಡವಿದ, ಸೊಂಟ ತಡವಿದ. "ನಾಲ್ಕು," ಎಂದ.

"ಎರಡು ಈಗ್ಲೇ ಬಿಚ್ಚಿಟ್ಕೊ."