ಅಮೀರ್ ಅಲಿಯ ರುಮಾಲು

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಬಂದವರು ಮೊದಲು ಮಾಡುವ ಕೆಲಸ ಅದಕ್ಕೆ ಬೆನ್ನು ತಿರುಗಿಸುವುದು. ಸೆಲ್ಫಿಗೆ ಬೇರೆ ದಾರಿಯಿಲ್ಲ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್, ಸುರಪುರ ಸಂಸ್ಥಾನದ ಉಸ್ತುವಾರಿಗೆ ಬರುವ ಮೊದಲೇ, 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಿಂದ ಹೆಸರು ಮಾಡಿದ್ದ. ಮೂರು ಸಂಪುಟ. ನಾಯಕ ಅಮೀರ್ ಅಲಿ ಸೆರೆಯಲ್ಲಿ ಕೂತು, ತಾನು ಮಾಡಿದ ಕೊಲೆಗಳನ್ನು ಸಾಹೇಬನ ಮುಂದೆ ಬೀಗರೂಟ ಬಣ್ಣಿಸಿದಂತೆ ನಿಧಾನಕ್ಕೆ ಹೇಳುತ್ತಾನೆ.

ಆತ ಈಗ ನನ್ನ ಮೊಬೈಲಿನಲ್ಲಿದ್ದಾನೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಪುಕ್ಕಟೆ ಸಿಗುತ್ತದೆ. ಆದರೆ ಅವನ ಪಾಡು ಯಾರಿಗೂ ಬೇಡ. ರುಮಾಲು ಬಿಗಿಯುವ ಹೊತ್ತಿಗೆ ಸರಿಯಾಗಿ ‘ಶುಭೋದಯ’ ಎಂದು ಗುಲಾಬಿ ಅರಳುತ್ತದೆ. ಮತ್ತೆ ರುಮಾಲೆತ್ತಿದರೆ ಗ್ಯಾಸ್ ಬುಕ್ಕಿಂಗ್ ಮೆಸೇಜು. ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಬರುವಾಗಲಂತೂ, ಕತ್ತು ಕೈಗೆ ಸಿಕ್ಕಿತೆನ್ನುವಾಗ ಬ್ಯಾಟರಿಯೇ ಸತ್ತಿತು. ಪಯಣಿಗ ಬದುಕಿದ. ಥಗ್ಗರನ್ನು ತಡೆಯಲು ಕಂಪನಿ ಸರಕಾರಕ್ಕೆ ವರ್ಷಗಳೇ ಬೇಕಾಗಿದ್ದವು.

“ಏನು ಓದಾಕತ್ತಿದ್ರಿ?” ಪಕ್ಕದ ಸೀಟಿನ ಮುತ್ಯಾ ಕೇಳಿದರು.

“ಥಗ್ಗರ ಕಥಿ, ಮುತ್ಯಾ. ಹಾದ್ಯಾಗ ಜೊತಿಗೂಡಿ, ಸವಿಮಾತಾಡಿ ನಂಬಸ್ತಾರ. ಒಬ್ಬಾಂವ ತಂಬಾಕು ತರಾಕ ಹೇಳಿದ ಕೂಡ್ಲೆ ಕುತಿಗಿಗೆ ರುಮಾಲು.”

ಮುತ್ಯಾ ತಮ್ಮ ತಂಬಾಕಿನ ಚೀಲವನ್ನು ಒಳಕಿಸೆಗೆ ಸೇರಿಸಿದರು. “ನನಗೂ ಅಂಥಾಂವ ಒಬ್ಬ ಫೋನ್ ಮಾಡಿದ್ದ. ಬ್ಯಾಂಕಿನಾಂವ ಅಂತ. ನನ್ನ ಮಗಾನೂ ಅಷ್ಟು ಪ್ರೀತಿಲೆ ಮಾತಾಡಂಗಿಲ್ಲ. ಓಟಿಪಿ ಹೇಳ್ರಿ ಅಂದ.”

“ಹೇಳಿದ್ರೇನು?”

“ಚಾಳೀಸ ಇಲ್ದ ಕಾಣಂಗಿಲ್ಲ, ನಾಳಿ ಮಾಡಪಾ ಅಂದೆ. ಮರುದಿನ ಮಾಡಿದ. ನನ್ನ ಮೊಣಕಾಲು ಬ್ಯಾನಿ, ತೊಗರಿ ರೇಟು, ಸಣ್ಣ ಸೊಸಿ ಸುದ್ದಿ ಎಲ್ಲಾ ಹೇಳಿದೆ. ಈಗ ನಾನೇ ಮಾಡಿದ್ರೂ ಎತ್ತವಲ್ಲ!”

ಅಮೀರ್ ಅಲಿಯ ಗುಂಪಿನಲ್ಲಿ ಒಲಿಸುವವ ಒಬ್ಬ, ಬಿಗಿಯುವವ ಒಬ್ಬ, ಗುಂಡಿ ತೋಡುವವ ಇನ್ನೊಬ್ಬ. ಇಂದೂ ಫೋನಿನಲ್ಲಿ ಒಲಿಸುವವ ಬೇರೆ, ದುಡ್ಡು ಬೀಳುವ ಖಾತೆ ಬೇರೆಯವರದು. ರುಮಾಲಿನ ಜಾಗಕ್ಕೆ ಲಿಂಕ್ ಬಂದಿದೆ, ಸವಿಮಾತು ಮಾತ್ರ ಬದಲಾಗಿಲ್ಲ. ಹೀಗಾಗಿ ಮೊಬೈಲ್ ಡಬ್ಬಿಯಲ್ಲಿ ಬರುವ ಕೈಪಿಡಿಗಿಂತ ಈ ಹಳೆಯ ಕಾದಂಬರಿಯೇ ಹೆಚ್ಚು ಉಪಯುಕ್ತ. ದುಡ್ಡು ಹೋದ ಮೇಲೆ ಕರೆ ಮಾಡಲು 1930 ಇದೆ. ಹೋಗುವ ಮೊದಲು ಓದಲು 1839 ಇದೆ.

ಆದರೂ ಒಂದು ಸಂಶಯ. ಅಮೀರ್ ಅಲಿಗೆ ಹಾದಿಯಲ್ಲಿ ಈ ಮುತ್ಯಾ ಜೊತೆಯಾಗಿದ್ದರೆ, ಮೊಣಕಾಲಿನಿಂದ ಶುರುವಾದ ಮಾತು ಸೊಸೆಗೆ ಮುಟ್ಟುವಷ್ಟರಲ್ಲಿ ಆತ ತಾನೇ ಹೋಗಿ ಸಾಹೇಬನಿಗೆ ಶರಣಾಗುತ್ತಿದ್ದ. ಟೇಲರ್‌ಗೆ ಮೂರು ಸಂಪುಟ ಬರೆಯುವ ಕಷ್ಟ ತಪ್ಪುತ್ತಿತ್ತು.